ಅಟ್ಟದಿಂದ ಇಳಿದ ರೇಡಿಯೋ: ನಿಮ್ಮ ಪ್ರಶ್ನೆ, ಅಂಗಡಿ ಅಕ್ಕನ ಉತ್ತರ

ಈ ತಿಂಗಳು ಬಂದ ಪ್ರಶ್ನೆಗಳಲ್ಲಿ ವಾಲ್ವು ರೇಡಿಯೋದ್ದೇ ಜಾಸ್ತಿ. ಅಂದರೆ ಟ್ರಾನ್ಸಿಸ್ಟರಿಗೂ ಮುಂಚಿನ, ಒಳಗೆ ಬಲ್ಬಿನಂಥ ಗಾಜಿನ ವಾಲ್ವುಗಳು ಕಾದು ಕೆಲಸ ಮಾಡುವ ರೇಡಿಯೋ. ರಜೆಗೆ ಊರಿಗೆ ಹೋದವರೆಲ್ಲ ಅಟ್ಟ ಹತ್ತಿದ್ದಾರೆ ಅಂತ ಕಾಣುತ್ತೆ. ಹೊಸ ಓದುಗರಿಗೆ ಒಂದು ಮಾತು ಹೇಳಿಬಿಡುತ್ತೇನೆ. ನಾನು ಎಂಜಿನಿಯರ್ ಅಲ್ಲ. ದಾವಣಗೆರೆಯ ಚೌಕಿಪೇಟೆ ಹತ್ತಿರ ಅಪ್ಪ ನಡೆಸುತ್ತಿದ್ದ ರೇಡಿಯೋ ರಿಪೇರಿ ಅಂಗಡಿಯಲ್ಲಿ ಕೂತು ಕಲಿತವಳು. ಈಗ ಅಂಗಡಿ ನಡೆಯೋದು ಮಿಕ್ಸಿ, ಫ್ಯಾನು, ಇಂಡಕ್ಷನ್ ಒಲೆಗಳಿಂದ. ಸಂಜೆ ಶಟರ್ ಅರ್ಧ ಎಳೆದ ಮೇಲೆ ವಾಲ್ವು ಸೆಟ್ ಬಿಚ್ಚುತ್ತೇನೆ.

ಪ್ರಶ್ನೆ: ಅಕ್ಕಾ, ತಾತನ ಮನೆಯ ಅಟ್ಟದಲ್ಲಿ ಫಿಲಿಪ್ಸ್ ವಾಲ್ವು ರೇಡಿಯೋ ಸಿಕ್ಕಿದೆ. ಮೂವತ್ತು ವರ್ಷದಿಂದ ಯಾರೂ ಹಚ್ಚಿಲ್ಲವಂತೆ. ಪ್ಲಗ್ ಹಾಕಿ ನೋಡೋಣ ಅಂದರೆ ಅಮ್ಮ ಬೈಯುತ್ತಾರೆ. ಸೋಲ್ಡರಿಂಗ್ ಸ್ವಲ್ಪ ಬರುತ್ತೆ, ಒಂದು ಡಿಜಿಟಲ್ ಮೀಟರ್ ಇದೆ. ಎಲ್ಲಿಂದ ಶುರು ಮಾಡಲಿ?
– ಕಾಲೇಜು ವಿದ್ಯಾರ್ಥಿ, ಹೊಳಲ್ಕೆರೆ ತಾಲ್ಲೂಕು

ಉತ್ತರ: ಅಮ್ಮ ಹೇಳಿದ್ದು ಸರಿ. ಪ್ಲಗ್ ಹಾಕಬೇಡಪ್ಪ. "ಹಚ್ಚಿದ್ವಿ ಅಕ್ಕಾ, ಎರಡು ನಿಮಿಷ ಹಾಡಿತು, ಆಮೇಲೆ ಹೊಗೆ ಬಂತು" ಅನ್ನುವುದನ್ನು ನನ್ನ ಕೌಂಟರಿನಲ್ಲಿ ಕೇಳಿ ಕೇಳಿ ಸಾಕಾಗಿದೆ.

ಯಾಕೆ ಹೀಗಾಗುತ್ತೆ ಗೊತ್ತಾ? ಆ ಕಾಲದ ಎಷ್ಟೋ ಕಂಡೆನ್ಸರುಗಳು (ಈಗ ಕೆಪಾಸಿಟರ್ ಅಂತಾರಲ್ಲ, ಚಾರ್ಜ್ ಹಿಡಿದಿಡುವ ಬಿಡಿಭಾಗ) ಕಾಗದ ಸುತ್ತಿ ಮೇಣ ಹಾಕಿ ಮಾಡಿದಂಥವು. ವರ್ಷಗಟ್ಟಲೆ ಸುಮ್ನೆ ಕೂತರೆ ಒಳಗೆ ತೇವ ಸೇರಿ ಕರೆಂಟ್ ಸೋರತೊಡಗುತ್ತೆ. ಸ್ಪೀಕರ್ ನಡೆಸುವ ಔಟ್‌ಪುಟ್ ವಾಲ್ವಿನ ಗ್ರಿಡ್‌ಗೆ (ವಾಲ್ವಿನ ಕರೆಂಟನ್ನು ಹತೋಟಿಯಲ್ಲಿಡುವ ಜಾಲರಿಗೆ) ಹೋಗುವ ಕಪ್ಲಿಂಗ್ ಕಂಡೆನ್ಸರ್ ಸೋರಿದರೆ ಕಥೆ ಮುಗಿಯಿತು. ಗ್ರಿಡ್‌ಗೆ ಪ್ಲಸ್ ವೋಲ್ಟೇಜ್ ಬರುತ್ತೆ, ವಾಲ್ವು ಮಿತಿ ಮೀರಿ ಕರೆಂಟ್ ಎಳೆಯುತ್ತೆ, ಒಳಗಿನ ಪ್ಲೇಟ್ ಕೆಂಪಗೆ ಕಾಯುತ್ತೆ, ಕೊನೆಗೆ ಆ ವಾಲ್ವಿಗೂ ಸ್ಪೀಕರಿಗೂ ನಡುವಿನ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗುತ್ತೆ. ಕಂಡೆನ್ಸರ್ ಯಾವ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಾದರೂ ಸಿಗುತ್ತೆ. ಟ್ರಾನ್ಸ್‌ಫಾರ್ಮರ್ ಸುತ್ತಿಕೊಡುವವರನ್ನು ಊರೂರು ಹುಡುಕಬೇಕು.

ಮೊದಲ ದಿನ ಹಿಂದಿನ ರಟ್ಟು ಬಿಚ್ಚಿ ನೋಡುವುದು, ಅಷ್ಟೇ ಕೆಲಸ. ಒಣ ಪೇಂಟ್ ಬ್ರಶ್ಶಿನಲ್ಲಿ ಧೂಳು ತೆಗಿ. ಒದ್ದೆ ಬಟ್ಟೆ ದೂರ ಇಡು. ವಾಲ್ವಿನ ಗಾಜಿನ ಮೇಲೆ ನಂಬರ್ ಅಚ್ಚಾಗಿರುತ್ತೆ ನೋಡು, ಬಿಳಿ ಅಕ್ಷರದಲ್ಲಿ. ಒದ್ದೆ ಬೆರಳು ತಾಗಿದರೂ ಅದು ಅಳಿಸಿಹೋಗುತ್ತೆ. ಆಮೇಲೆ ಅದು ಯಾವ ವಾಲ್ವು ಅಂತ ದೇವರಿಗೇ ಗೊತ್ತು. ಮುಂದಿನ ಡಯಲ್ ಗಾಜಿನದೂ ಇದೇ ಪಾಡು. ಸ್ಟೇಷನ್ ಹೆಸರುಗಳು ಗಾಜಿನ ಹಿಂಬದಿಗೆ ಬಣ್ಣದಲ್ಲಿ ಬರೆದಿರುತ್ತವೆ, ಹಿಂದೆ ಒರೆಸಿದರೆ ಕೊಲಂಬೋ, ದೆಹಲಿ, ಎಲ್ಲಾ ಬಟ್ಟೆಗೆ ಬರುತ್ತವೆ. ಗಾಜಿನ ಮುಂಭಾಗವನ್ನು ಮಾತ್ರ ಒರೆಸು.

ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು, ಯಾವ ಸಾಕೆಟ್ಟಿಗೆ ಯಾವ ವಾಲ್ವು ಅಂತ ಬರೆದಿಟ್ಟುಕೋ. ಆಮೇಲೆ ಒಂದೊಂದನ್ನೇ ನಿಧಾನವಾಗಿ ಅಲ್ಲಾಡಿಸುತ್ತಾ ಮೇಲಕ್ಕೆ ತೆಗೆದು ಬೆಳಕಿಗೆ ಹಿಡಿ. ಗಾಜಿನ ಒಳಗೆ, ಹೆಚ್ಚಾಗಿ ತಲೆಯ ಹತ್ತಿರ, ಕನ್ನಡಿ ಥರ ಹೊಳೆಯುವ ಒಂದು ಕಲೆ ಇರುತ್ತೆ. ಅದು ಬೇರಿಯಂ ಲೇಪ, ಒಳಗೆ ಉಳಿದ ಗಾಳಿಯನ್ನು ಹೀರಿಕೊಳ್ಳಲು ಹಾಕಿರುತ್ತಾರೆ. ಬೆಳ್ಳಿ ಬಣ್ಣ ಅಥವಾ ಕಂದು ಇದ್ದರೆ ಚಿಂತೆಯಿಲ್ಲ. ಹಾಲಿನಂತೆ ಬೆಳ್ಳಗಾಗಿದ್ದರೆ ಗಾಜು ಎಲ್ಲೋ ಬಿರುಕು ಬಿಟ್ಟು ಗಾಳಿ ಒಳಗೆ ಹೋಗಿದೆ, ಆ ವಾಲ್ವು ಸತ್ತಿದೆ.

ಈಗ ನಂಬರಿನ ಮೊದಲ ಅಕ್ಷರ ನೋಡು. ಇದು ನಿನ್ನ ಜೀವದ ಪ್ರಶ್ನೆ. ಇಸಿಎಚ್ 81, ಇಎಲ್ 84 ಅಂತ 'ಇ'ಯಿಂದ ಶುರುವಾದರೆ ಅವು 6.3 ವೋಲ್ಟ್ ಹೀಟರಿನ ವಾಲ್ವುಗಳು (ಹೀಟರ್ ಅಂದರೆ ವಾಲ್ವನ್ನು ಒಳಗಿಂದ ಕಾಯಿಸುವ ತಂತಿ). ಸಾಮಾನ್ಯವಾಗಿ ಅಂಥ ಸೆಟ್‌ನಲ್ಲಿ ದಪ್ಪನೆಯ ಪವರ್ ಟ್ರಾನ್ಸ್‌ಫಾರ್ಮರ್ ಇರುತ್ತೆ. ಯುಸಿಎಚ್ 81, ಯುಎಲ್ 84, ಯುವೈ 85 ಅಂತ 'ಯು'ವಿನಿಂದ ಶುರುವಾದರೆ ಎಲ್ಲ ಹೀಟರುಗಳೂ ದೀಪಾವಳಿ ಸೀರಿಯಲ್ ಸೆಟ್ಟಿನ ಹಾಗೆ ಒಂದರ ಹಿಂದೆ ಒಂದು ಸೇರಿರುತ್ತವೆ, 100 ಮಿಲಿಆಂಪಿಯರ್ ಕರೆಂಟಿನ ಮೇಲೆ. ಇವನ್ನು ಎಸಿ-ಡಿಸಿ ಸೆಟ್ ಅಂತಾರೆ. ಇಂಥವುಗಳಲ್ಲಿ ಹೆಚ್ಚಿನವಕ್ಕೆ ಪವರ್ ಟ್ರಾನ್ಸ್‌ಫಾರ್ಮರೇ ಇಲ್ಲ. ಗೋಡೆಯ ಕರೆಂಟಿನ ಒಂದು ತಂತಿ ಸೀದಾ ಚಾಸಿಗೆ, ಅಂದರೆ ಸಾಮಾನೆಲ್ಲ ಕೂರಿಸಿದ ತಗಡಿಗೆ, ಬಂದಿರುತ್ತೆ. ಪ್ಲಗ್ ತಿರುವುಮುರುವಾದರೆ ಇಡೀ ತಗಡೇ ಫೇಸ್. ನಾಬ್ ಕಿತ್ತುಹೋದ ಕಬ್ಬಿಣದ ಕಡ್ಡಿ ಮುಟ್ಟಿದರೂ ಹೊಡೆಯುತ್ತೆ.

ಅಕ್ಷರ ನೋಡಿ ಸುಮ್ಮನಾಗಬೇಡ, ಮೀಟರಿನಲ್ಲೂ ನೋಡು. ಪ್ಲಗ್ ಕೈಯಲ್ಲೇ ಇರಲಿ, ಗೋಡೆಗೆ ಹಾಕಬೇಡ. ಸೆಟ್‌ನ ಸ್ವಿಚ್ ಆನ್ ಸ್ಥಿತಿಯಲ್ಲಿಡು. ಪ್ಲಗ್ಗಿನ ಒಂದೊಂದು ಪಿನ್ನಿಂದ ಚಾಸಿಗೆ ರೆಸಿಸ್ಟೆನ್ಸ್ ಅಳೆ. ಮೆಗಾ-ಓಮ್‌ಗಳಲ್ಲಿ ಬಂದರೆ ಸರಿ. ಸೊನ್ನೆಯೋ, ಕೆಲವು ನೂರು ಓಮೋ ಬಂದರೆ ಚಾಸಿಗೆ ಕರೆಂಟಿನ ಸಂಬಂಧ ಇದೆ. ಹಾಗಿದ್ದರೆ ಇದು ಕಲಿಯುವವರ ಸೆಟ್ ಅಲ್ಲ. ರಟ್ಟು ಮುಚ್ಚಿ, ವಾಲ್ವು ರಿಪೇರಿ ಮಾಡಿದ ಅನುಭವ ಇರುವ ಹಿರಿಯ ಮೆಕ್ಯಾನಿಕ್ ಹತ್ತಿರ ಒಯ್ಯಿ.

'ಇ' ಸೆಟ್ಟೇ ಆಗಿದ್ದರೆ ಮುಂದೆ ಹೋಗೋಣ. ಮೀಟರಿನಲ್ಲಿ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಪ್ರೈಮರಿ (ವಾಲ್ವಿನ ಕಡೆಯ ಸುತ್ತು) ನೋಡು, ಕೆಲವು ನೂರು ಓಮ್ ಬರಬೇಕು. ಪವರ್ ಟ್ರಾನ್ಸ್‌ಫಾರ್ಮರಿನ ಪ್ರೈಮರಿ (ಗೋಡೆಯ ಕರೆಂಟಿನ ಕಡೆಯ ಸುತ್ತು) ಕೆಲವು ಹತ್ತು ಓಮ್. ಎರಡೂ ಸರಿಯಿದ್ದರೆ ನೀನು ಅದೃಷ್ಟವಂತ, ಉಳಿದದ್ದೆಲ್ಲ ಸಿಗುವ ಸಾಮಾನು. ಕಾಗದ-ಮೇಣದ ಕಂಡೆನ್ಸರುಗಳನ್ನು ಒಂದೊಂದಾಗಿ ತೆಗೆದು ಅದೇ ಮೈಕ್ರೋಫ್ಯಾರಡ್ ಅಳತೆಯ, 630 ವೋಲ್ಟಿನ ಪಾಲಿಯೆಸ್ಟರ್ ಹಾಕು. ಒಂದು ತೆಗೆ, ಒಂದು ಹಾಕು. ಎಲ್ಲವನ್ನೂ ಒಟ್ಟಿಗೆ ಕಿತ್ತು ಬಟ್ಟಲಿಗೆ ತುಂಬಿಕೊಂಡು ಬರುವವರು ಇದ್ದಾರೆ, ಅವರಿಗೆ ನಾನು ಟೀ ಕುಡಿಸಿ ಕಳಿಸುತ್ತೇನೆ. ಕರೆಂಟ್ ಬರುವ ಎರಡು ತಂತಿಯ ನಡುವೆ ಕಂಡೆನ್ಸರ್ ಇದ್ದರೆ ಅಲ್ಲಿ 'ಎಕ್ಸ್2' ಅಂತ ಬರೆದದ್ದೇ ಬೇಕು. ಮೈಕಾ, ಸೆರಾಮಿಕ್ ಕಂಡೆನ್ಸರುಗಳ ತಂಟೆಗೆ ಹೋಗಬೇಡ. ಸ್ಟೇಷನ್ ಬೇರ್ಪಡಿಸುವ ಸುರುಳಿಗಳಿರುವ ಐಎಫ್ ಡಬ್ಬಿಗಳ ಮೇಲಿನ ತಿರುಪನ್ನಂತೂ ಮುಟ್ಟಲೇಬೇಡ. ಸ್ಟೇಷನ್ ಬರದಿದ್ದರೆ ಜನ ಮೊದಲು ಕೈ ಹಾಕೋದೇ ಅಲ್ಲಿಗೆ, ಅದು ಯಾಕೋ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಡಿಸಿ ಕರೆಂಟಿನ ಏರಿಳಿತ ತಗ್ಗಿಸುವ ಫಿಲ್ಟರ್ ಕಂಡೆನ್ಸರಿಗೆ 47 ಮೈಕ್ರೋಫ್ಯಾರಡ್, 450 ವೋಲ್ಟಿನದು ಸಾಕು. ಹಮ್ (ಕರೆಂಟಿನ ಗುಂಯ್ ಸದ್ದು) ಹೋಗಲಿ ಅಂತ 220 ಹಾಕುವವರಿದ್ದಾರೆ. ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ವಾಲ್ವು ಇಝೆಡ್ 80 ಆಗಿದ್ದರೆ ಅದಕ್ಕೆ ನೇರವಾಗಿ ಸೇರುವ ಕಂಡೆನ್ಸರ್ 50 ಮೈಕ್ರೋಫ್ಯಾರಡ್ ದಾಟಬಾರದು. ದಾಟಿದರೆ ಪ್ರತಿ ಸಲ ಹಚ್ಚಿದಾಗಲೂ ಆ ವಾಲ್ವಿನ ಆಯಸ್ಸು ಕಮ್ಮಿಯಾಗುತ್ತೆ.

ಇಷ್ಟಾದ ಮೇಲೆ ಕರೆಂಟ್. ಅದೂ ಸೀರೀಸ್ ಬಲ್ಬಿನ ಮೂಲಕ. ಒಂದು ಹಲಗೆಗೆ ಹೋಲ್ಡರ್, ಸಾಕೆಟ್ ಕೂರಿಸಿ, ಫೇಸ್ ತಂತಿ ಬಲ್ಬ್ ಹಾಯ್ದು ಸೆಟ್‌ಗೆ ಹೋಗುವಂತೆ ಮಾಡು. 60 ಅಥವಾ 100 ವ್ಯಾಟಿನ ಹಳೇ ತಂತಿ ಬಲ್ಬೇ ಬೇಕು, ಎಲ್‌ಇಡಿ ನಡೆಯಲ್ಲ. ಸೆಟ್‌ನ ಹಿಂದೆ ವೋಲ್ಟೇಜ್ ಆಯ್ಕೆ ಇರುತ್ತೆ, ಅದು 110ರಲ್ಲಿ ಇರಬಾರದು. 230, 245 ಎರಡೂ ಇದ್ದರೆ 245ಕ್ಕೆ ಇಡು. ಮೊದಲ ಸಲ ರೆಕ್ಟಿಫೈಯರ್ ವಾಲ್ವು ತೆಗೆದಿಟ್ಟು ಹಚ್ಚು. ಬಲ್ಬು ಮಂದವಾಗಿ ಉರಿದು ಉಳಿದ ವಾಲ್ವುಗಳಲ್ಲಿ ಕೆಂಪು ಕಂಡರೆ ಟ್ರಾನ್ಸ್‌ಫಾರ್ಮರ್ ಆರೋಗ್ಯವಾಗಿದೆ. ಆಮೇಲೆ ಆಫ್ ಮಾಡಿ ರೆಕ್ಟಿಫೈಯರ್ ಹಾಕಿ ಮತ್ತೆ ಹಚ್ಚು. ಬಲ್ಬು ಪೂರ್ತಿ ಬೆಳಕಿನಲ್ಲೇ ನಿಂತುಬಿಟ್ಟರೆ ಎಲ್ಲೋ ಶಾರ್ಟ್ ಇದೆ, ಕೂಡಲೇ ಆಫ್ ಮಾಡು.

ಆಫ್ ಮಾಡಿ ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕಂಡೆನ್ಸರಿನಲ್ಲಿ 250–300 ವೋಲ್ಟ್ ಉಳಿದಿರಬಹುದು. ಸ್ಕ್ರೂಡ್ರೈವರಿನಿಂದ ಕಿಡಿ ಹಾರಿಸುವ ಶೋಕಿ ಬೇಡ. 10 ಕಿಲೋ-ಓಮ್, 5 ವ್ಯಾಟಿನ ರೆಸಿಸ್ಟರ್‌ಗೆ ಕ್ಲಿಪ್ ವೈರ್ ಹಾಕಿ, ಕಂಡೆನ್ಸರಿನ ಪ್ಲಸ್‌ನಿಂದ ಚಾಸಿಗೆ ಹತ್ತು ಸೆಕೆಂಡ್ ಸೇರಿಸು. ಆಮೇಲೆ ಮೀಟರಿನಲ್ಲಿ ಸೊನ್ನೆ ನೋಡಿಯೇ ಕೈ ಹಾಕು. ಕರೆಂಟ್ ಇರುವಾಗ ಅಳೆಯಬೇಕಾದರೆ ಎಡಗೈ ಜೇಬಿನಲ್ಲಿರಲಿ. ಮನೆಯಲ್ಲಿ ಒಬ್ಬನೇ ಇರುವಾಗ ಈ ಕೆಲಸವೇ ಬೇಡ.

ಎಲ್ಲ ಸರಿಹೋದರೆ ಮೊದಲು ಹಿಡಿಯಬೇಕಾದದ್ದು ಭದ್ರಾವತಿ ಆಕಾಶವಾಣಿ, ಮೀಡಿಯಂ ವೇವ್ 675 ಕಿಲೋಹರ್ಟ್ಸ್. 1965ರಿಂದ ನಮ್ಮ ಕಡೆಯವರ ಸ್ಟೇಷನ್. ನಿನ್ನ ಡಯಲ್ ತರಂಗದ ಉದ್ದದ, ಅಂದರೆ ಮೀಟರ್ ಲೆಕ್ಕದಲ್ಲಿದ್ದರೆ 444ರ ಹತ್ತಿರ ಮುಳ್ಳು ತಾ. ಧಾರವಾಡ 765, ಅಂದರೆ 392 ಮೀಟರ್. ಏರಿಯಲ್‌ಗೆ ಮಾಳಿಗೆ ಮೇಲೆ ಏಳೆಂಟು ಮೀಟರ್ ತಂತಿ ಎಳೆದರೆ ಸಾಕು. ಬರೀ ಗೊರ್ರ್ ಅಂದರೆ ಸೆಟ್ ಬೈಯುವ ಮುಂಚೆ ಮನೆಯ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್ ಆರಿಸಿ ನೋಡು. ತಾತನ ಕಾಲದಲ್ಲಿ ಆ ಪೀಡೆ ಇರಲಿಲ್ಲ.

ಪ್ರಶ್ನೆ: ಮೇಡಂ, ನಿವೃತ್ತನಾಗಿದ್ದೇನೆ. ಹವ್ಯಾಸಕ್ಕೆ ಒಂದು ವಾಲ್ವು ರೇಡಿಯೋ ಕೊಳ್ಳುವ ಆಸೆ. ಗುಜರಿಯವರೊಬ್ಬರು ಮರ್ಫಿ ಸೆಟ್‌ಗೆ ಆರು ಸಾವಿರ ಹೇಳುತ್ತಿದ್ದಾರೆ. "ಕಂಡೀಷನ್‌ನಲ್ಲಿದೆ, ಹಾಡುತ್ತೆ" ಅನ್ನುತ್ತಾರೆ. ಕೊಳ್ಳಲೇ?
– ವಿದ್ಯಾನಗರ, ದಾವಣಗೆರೆ

ಉತ್ತರ: ಸರ್, ಹಾಡುತ್ತೆ ಅನ್ನೋದಕ್ಕೆ ದುಡ್ಡು ಕೊಡಬೇಡಿ. ಇವತ್ತು ಹಾಡುವ, ಕಂಡೆನ್ಸರ್ ಬದಲಾಯಿಸದ ಸೆಟ್ ನಾಳೆ ಹೊಗೆಯಾಡುವ ಸೆಟ್. ಮತ್ತೆ ಸಿಗದ ಸಾಮಾನು ನೆಟ್ಟಗಿದೆಯಾ ಅಂತ ನೋಡಿ, ಅದಕ್ಕೆ ದುಡ್ಡು ಕೊಡಿ. ಡಯಲ್ ಗಾಜು ಒಡೆದಿದೆಯಾ, ಅಕ್ಷರ ಉಳಿದಿದೆಯಾ, ನಾಬ್‌ಗಳು ನಾಲ್ಕೂ ಒಂದೇ ಜಾತಿಯವಾ, ಟ್ರಾನ್ಸ್‌ಫಾರ್ಮರಿನ ಸುತ್ತ ಕರಿ ಟಾರು ಕರಗಿ ಇಳಿದಿದೆಯಾ, ಸ್ಪೀಕರಿನ ಕಾಗದ ಹರಿದಿದೆಯಾ. ಮೂಗು ಹತ್ತಿರ ಒಯ್ದು ಮೂಸಿ. ಸುಟ್ಟ ವಾರ್ನಿಶ್ ವಾಸನೆ ವರ್ಷಗಟ್ಟಲೆ ಉಳಿಯುತ್ತೆ, ಗುಜರಿಯವರು ಎಷ್ಟು ಪಾಲಿಷ್ ಹೊಡೆದರೂ ಹೋಗಲ್ಲ.

ಕಣ್ಣಿಟ್ಟು ನೋಡಬೇಕಾದ ಇನ್ನೊಂದು ಮೋಸ ಇದೆ. ಹಳೇ ಡಬ್ಬದೊಳಗೆ ಬೆರಳುದ್ದದ ಎಫ್‌ಎಂ-ಬ್ಲೂಟೂತ್ ಬೋರ್ಡ್ ಕೂರಿಸಿ ಮಾರುತ್ತಾರೆ. ವಾಲ್ವುಗಳು ಸಾಕೆಟ್ಟಿನಲ್ಲಿ ಶೋಕಿಗೆ ನಿಂತಿರುತ್ತವೆ. ಪತ್ತೆ ಹಚ್ಚೋದು ಸುಲಭ. ಹಚ್ಚಿದ ಕೂಡಲೇ ಹಾಡು ಬಂದರೆ ಅದು ವಾಲ್ವಲ್ಲ. ವಾಲ್ವು ಕಾಯಲು ಇಪ್ಪತ್ತು ಮೂವತ್ತು ಸೆಕೆಂಡ್ ಬೇಕೇ ಬೇಕು.

ಸೆಟ್ ಯಾವ ಊರಿನದು ಅಂತಲೂ ಕೇಳಿ. ನಾನು ಚಳ್ಳಕೆರೆ, ಜಗಳೂರು, ಮೊಳಕಾಲ್ಮೂರು ಕಡೆಯ ಸೆಟ್‌ಗೆ ಕಣ್ಣು ಮುಚ್ಚಿ ಎರಡು ಕಾಸು ಜಾಸ್ತಿ ಕೊಡುತ್ತೇನೆ. ಒಣ ಹವೆ ನೋಡಿ. ಧೂಳು ಗೇಣುದ್ದ ಇರುತ್ತೆ, ಆದರೆ ಕಾಯಿಲ್‌ಗಳು ಗಟ್ಟಿ. ತೀರ್ಥಹಳ್ಳಿ, ಸಾಗರದ ಕಡೆಯಿಂದ ಬಂದ ಸೆಟ್ ಹೊರಗಿಂದ ಎಷ್ಟೇ ಚೆಂದ ಇರಲಿ, ಮಳೆಗಾಲದ ತೇವ ಒಳಗೆ ಸೇರಿ ಕೂದಲೆಳೆಯಂಥ ತಾಮ್ರದ ತಂತಿಯನ್ನು ಹಸಿರು ಹಿಡಿಸಿ ತಿಂದಿರುತ್ತೆ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಓಪನ್ ಆಗಿರೋದು, ಅಂದರೆ ಒಳಗೆ ತಂತಿ ತುಂಡಾಗಿರೋದು, ಅಲ್ಲಿನ ಸೆಟ್‌ಗಳಲ್ಲೇ ಜಾಸ್ತಿ. ಮಲೆನಾಡಿನವರು ಬೇಜಾರು ಮಾಡ್ಕೋಬಾರದು, ನಿಮ್ಮ ಡಬ್ಬದ ಮರ ನಮ್ಮದಕ್ಕಿಂತ ಚೆನ್ನಾಗಿರುತ್ತೆ.

ಆರು ಸಾವಿರ ಜಾಸ್ತಿಯೇ. ಆದರೆ ಗಾಜು, ಟ್ರಾನ್ಸ್‌ಫಾರ್ಮರ್ ಎರಡೂ ಗಟ್ಟಿ ಇದ್ದರೆ ಚೌಕಾಸಿ ಮಾಡಿ ತಗೊಳ್ಳಿ. ಅಂಗಡಿಯಲ್ಲಿ ಮೂರು ಸಲ ಎದ್ದು ಹೊರಟರೆ ಬೆಲೆ ಇಳಿಯುತ್ತೆ, ಅದನ್ನು ನಿಮಗೆ ನಾನು ಹೇಳಿಕೊಡಬೇಕೇ?

ಪ್ರಶ್ನೆ: ನಮ್ಮ ಮಾವ ಜಾತ್ರೆ, ನಾಟಕಗಳಿಗೆ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದರು. ಅವರ ವಾಲ್ವು ಆಂಪ್ಲಿಫೈಯರ್ ಗೋದಾಮಿನಲ್ಲಿದೆ, ಒಳಗೆ ಎರಡು ದೊಡ್ಡ ಇಎಲ್ 34. ಮನೆಯ ಸ್ಪೀಕರ್ ಸೇರಿಸಿ ಹಾಡು ಕೇಳಬಹುದೇ?
– ಚಿತ್ರದುರ್ಗ

ಉತ್ತರ: ಕೇಳಬಹುದು, ಆದರೆ ಇದು ನಿಮ್ಮ ಮೊದಲ ಕೆಲಸ ಆಗಬಾರದು. ಇದರೊಳಗೆ 400 ವೋಲ್ಟ್ ದಾಟಿರಬಹುದು. ಮೊದಲು ಒಂದು ರೇಡಿಯೋದಲ್ಲಿ ಕೈ ಪಳಗಲಿ.

ಹಿಂದಿನ ಸ್ಕ್ರೂಗಳ ಸಾಲು ನೋಡಿ. ಅಲ್ಲಿ 4, 8, 16 ಓಮ್ ಅಂತ ಇದ್ದರೆ ಮನೆಯ 8 ಓಮ್ ಸ್ಪೀಕರನ್ನು ಕಾಮನ್‌ಗೂ 8ಕ್ಕೂ ಸೇರಿಸಿ. '100 ವೋಲ್ಟ್' ಅಂತ ಬರೆದ ಸ್ಕ್ರೂ ಜಾತ್ರೆಯಲ್ಲಿ ಫರ್ಲಾಂಗ್ ದೂರ ತಂತಿ ಎಳೆದು ಹಾರ್ನ್‌ಗಳಿಗೆ ಕೊಡುವುದಕ್ಕೆ. ಆ ಹಾರ್ನ್‌ಗಳ ಹತ್ತಿರ ಒಂದು ಸಣ್ಣ ಟ್ರಾನ್ಸ್‌ಫಾರ್ಮರ್ ಇರುತ್ತೆ. ಮನೆಯ ಸ್ಪೀಕರನ್ನು ಸೀದಾ ಅಲ್ಲಿಗೆ ಸೇರಿಸಬೇಡಿ. ಸ್ಪೀಕರ್ ಇಲ್ಲದೆಯೂ ಇದನ್ನು ಹಚ್ಚಬೇಡಿ. ಈಗಿನ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ಸ್ಪೀಕರ್ ಇಲ್ಲದಿದ್ದರೂ ಸುಮ್ಮನಿರುತ್ತೆ. ವಾಲ್ವಿನದು ಹಾಗಲ್ಲ. ಲೋಡ್ ಇಲ್ಲದೆ ಸಿಗ್ನಲ್ ಬಂದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನಲ್ಲಿ ವೋಲ್ಟೇಜ್ ಎದ್ದು ಒಳಗೇ ಕಿಡಿ ಹಾರುತ್ತೆ.

ಇನ್ನು ಸೌಂಡ್. ಮಾವನವರ ಯಂತ್ರ ಮಾಡಿರೋದು ಮಾತು ದೂರಕ್ಕೆ ಕೇಳಲಿ ಅಂತ. ದುಗ್ಗಮ್ಮನ ಜಾತ್ರೆಯ ಗದ್ದಲದಲ್ಲಿ "ಮಗು ಕಳೆದುಹೋಗಿದೆ" ಅನ್ನೋದು ಸ್ಪಷ್ಟವಾಗಿ ಕೇಳಬೇಕು, ಅಷ್ಟೇ. ತಬಲದ ಬಾಯಾ ಮನೆಯಲ್ಲಿ ಗುಂ ಅನ್ನಲಿ ಅಂದರೆ ನಿರಾಸೆಯಾದೀತು. ಹಳೇ ನಾಟಕದ ಹಾಡು, ಹಾರ್ಮೋನಿಯಂ ಕೇಳಿ ನೋಡಿ. ಅದಕ್ಕೆ ಇದರ ಮುಂದೆ ಯಾವುದೂ ಇಲ್ಲ.

ಪ್ರಶ್ನೆ: ವಾಲ್ವು ರೇಡಿಯೋಗೆ ಮೊಬೈಲ್ ಸೇರಿಸಿ ಹಾಡು ಕೇಳಬಹುದಾ? ಹಿಂದೆ 'ಪಿ.ಯು.' ಅಂತ ಎರಡು ತೂತು ಇವೆ.
– ಹರಿಹರ

ಉತ್ತರ: ಪಿ.ಯು. ಅಂದರೆ ಪಿಕಪ್, ಗ್ರಾಮಫೋನ್ ಪ್ಲೇಯರ್ ಸೇರಿಸುವ ಜಾಗ. ಮೇಲೆ ಹೊಳಲ್ಕೆರೆಯ ಹುಡುಗನಿಗೆ ಹೇಳಿದ ಮೀಟರ್ ಪರೀಕ್ಷೆ ಮಾಡಿ. ಚಾಸಿಗೆ ಕರೆಂಟ್ ಬರುವ ಸೆಟ್ ಆದರೆ ಮೊಬೈಲಿನ ತಂತಿ ಖಂಡಿತ ಬೇಡ. ಇಯರ್‌ಫೋನ್ ಜಾಕಿನ ತಗಡಿನವರೆಗೂ 230 ವೋಲ್ಟ್ ಬಂದು ಕೂರುತ್ತೆ, ನೀವು ಫೋನ್ ಕೈಯಲ್ಲಿ ಹಿಡಿದಿರುತ್ತೀರಿ.

ಟ್ರಾನ್ಸ್‌ಫಾರ್ಮರ್ ಇದ್ದು ಚಾಸಿ ಬೇರೆಯಾಗಿದ್ದರೆ ಧಾರಾಳವಾಗಿ ಸೇರಿಸಿ. ಎಡ, ಬಲ ಎರಡು ತಂತಿಗೂ ಒಂದೊಂದು 1 ಕಿಲೋ-ಓಮ್ ರೆಸಿಸ್ಟರ್ ಹಾಕಿ ಒಂದುಗೂಡಿಸಿ ಒಂದು ತೂತಿಗೆ, ಅರ್ಥ್ ಇನ್ನೊಂದಕ್ಕೆ. ತಿರುವುಮುರುವಾದರೆ ಬರೀ ಹಮ್ ಬರುತ್ತೆ, ಬದಲಾಯಿಸಿ ಹಾಕಿ. ಫೋನ್ ಚಾರ್ಜಿಗೆ ಹಾಕಿಕೊಂಡು ಕೇಳಬೇಡಿ.

ಪ್ರಶ್ನೆ: ವಾಲ್ವಿನ ಸೌಂಡ್ ನಿಜವಾಗಲೂ ಅಷ್ಟು ಚೆಂದನಾ, ಅಥವಾ ಸುಮ್ನೆ ಹಳೇದರ ವ್ಯಾಮೋಹವಾ?
– ಭರಮಸಾಗರ

ಉತ್ತರ: ಎರಡೂ. ಟೇಬಲ್ ರೇಡಿಯೋದ ಒಂದು ಇಎಲ್ 84 ಹೆಚ್ಚೆಂದರೆ ಐದು ವ್ಯಾಟ್ ಕೊಡುತ್ತೆ, ಸ್ವಲ್ಪ ವಿಕಾರವನ್ನೂ ಸೇರಿಸುತ್ತೆ. ಅದು ಕಿವಿಗೆ ಹಿತವಾದ ವಿಕಾರ. ದೊಡ್ಡ ಮರದ ಡಬ್ಬ, ಅಗಲ ಸ್ಪೀಕರ್, ಇವುಗಳ ಪಾಲೂ ಕಮ್ಮಿ ಇಲ್ಲ. ಅದೇ ವಾಲ್ವನ್ನು ಪ್ಲಾಸ್ಟಿಕ್ ಡಬ್ಬಕ್ಕೆ ಹಾಕಿದರೆ ಯಾರೂ ತಿರುಗಿ ನೋಡಲ್ಲ.

ಪ್ರಶ್ನೆ: ವಾಲ್ವು ಈಗ ಎಲ್ಲಿ ಸಿಗುತ್ತೆ? ಆನ್‌ಲೈನಿನಲ್ಲಿ ಬೆಲೆ ನೋಡಿ ಗಾಬರಿಯಾಯಿತು.
– ಹೊನ್ನಾಳಿ

ಉತ್ತರ: ಯಾವ ವಾಲ್ವು ಅನ್ನೋದರ ಮೇಲೆ. ಇಎಲ್ 84, ಇಎಲ್ 34, ಇಸಿಸಿ 83 ಇವನ್ನು ಗಿಟಾರ್ ಆಂಪ್ಲಿಫೈಯರಿನವರಿಗೋಸ್ಕರ ರಷ್ಯಾ, ಸ್ಲೊವಾಕಿಯಾ, ಚೀನಾಗಳಲ್ಲಿ ಈಗಲೂ ಹೊಸದಾಗಿ ಮಾಡುತ್ತಾರೆ. ಬೆಲೆ ಜಾಸ್ತಿ ಇರೋದು ಅದಕ್ಕೇ. ರೇಡಿಯೋಗೆ ಮಾತ್ರ ಬೇಕಾದ ಇಸಿಎಚ್ 81, ಇಬಿಎಫ್ 89 ಥರದವಕ್ಕೆ ಹಳೇ ಸ್ಟಾಕೇ ಗತಿ. ಆದರೆ ಅವು ಗಿಟಾರಿನವರಿಗೆ ಬೇಡ, ಹಾಗಾಗಿ ಕಮ್ಮಿಗೆ ಸಿಗುತ್ತವೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕೇಳಿ. ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ಅಂತ ಅಚ್ಚಾದದ್ದು ಕಂಡರೆ ಬಿಡಬೇಡಿ. ಬೆಂಗಳೂರಿನ ಬಿಇಎಲ್ ಕಾರ್ಖಾನೆ 1961ರಲ್ಲಿ ಹಾಲೆಂಡಿನ ಫಿಲಿಪ್ಸ್ ಜೊತೆ ಸೇರಿ ವಾಲ್ವು ಮಾಡಲು ಶುರುಮಾಡಿತು. ನನ್ನ ಅಂಗಡಿಯ ಸೆಟ್‌ಗಳಲ್ಲಿ ಇವತ್ತಿಗೂ ಉರಿಯುತ್ತಿರುವವು ಹೆಚ್ಚಾಗಿ ಅವೇ.

ಒಂದು ಮಾತು, ಸೆಟ್ ಹಾಡದಿದ್ದರೆ ಮೊದಲು ವಾಲ್ವು ಕೊಳ್ಳಲು ಓಡಬೇಡಿ. ವಾಲ್ವಿನ ಪಿನ್ನುಗಳಿಗೆ, ಸಾಕೆಟ್ಟಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ, ಒಳಗೆ ಹೊರಗೆ ನಾಲ್ಕು ಸಲ ಎಳೆದಾಡಿ ಒಣಗಲು ಬಿಡಿ. ಎಷ್ಟೋ ಸಲ ಅಷ್ಟಕ್ಕೇ ಬದುಕುತ್ತವೆ.

ಪ್ರಶ್ನೆ: ಡಬ್ಬಕ್ಕೆ ಗೆದ್ದಲು ಹಿಡಿದಿದೆ. ಏನು ಮಾಡಲಿ?
– ಹೊಸದುರ್ಗ

ಉತ್ತರ: ಚಾಸಿ ಬಿಚ್ಚಿ ಹೊರಗಿಟ್ಟು, ಡಬ್ಬವನ್ನು ಬಡಗಿಗೆ ಕೊಡಿ. ಪ್ಲೈವುಡ್ ಒಳಗಿಂದ ಪುಡಿಯಾಗಿದ್ದರೆ ಹೊಸ ಡಬ್ಬ ಮಾಡಿಸಿ, ಹಳೇದರ ಸ್ಪೀಕರ್ ಬಟ್ಟೆ, ಹಿತ್ತಾಳೆ ಅಂಚು ಮಾತ್ರ ತೆಗೆದು ಅದಕ್ಕೆ ಹಾಕಿಸಿ. ಹಿಂದಿನ ರಟ್ಟನ್ನು ಎಸೆಯಬೇಡಿ. ಗಾಳಿಯಾಡುವ ತೂತುಗಳ ಅಳತೆ ಅದರಲ್ಲೇ ಇರೋದು. ಬಡಗಿ ಅಂದಕ್ಕೆ ಅಂತ ಹಿಂದೆಲ್ಲ ಮುಚ್ಚಿಬಿಟ್ಟರೆ ಒಳಗೆ ಕಾವು ಏರುತ್ತೆ.